ಹವ್ಯಾಸಿ ಆಟಗಾರ ಯಾರು? ನ್ಯಾಯದ ಪಾಠಕ್ಕೆ ಬ್ಯಾಸ್ಕೆಟ್‌ಬಾಲ್ ಪ್ರಕರಣಗಳ ಬಳಕೆ

ಬೋಧನಾಭ್ಯಾಸದ ಅವಧಿಯಲ್ಲಿ ಆಂಡರ್ಸನ್‌ಪೇಟೆಯ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಬೋಧಿಸುವ ಅವಕಾಶ ನನಗೆ ಸಿಕ್ಕಿತ್ತು. ನ್ಯಾಯಾಂಗದ ಘಟಕ ಮುಗಿದ ಮೇಲೆ ಒಂದು ಕಿರುಪರೀಕ್ಷೆ ಕೊಟ್ಟೆ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳ ಅಧಿಕಾರಗಳನ್ನು ಮಕ್ಕಳು ಚೆನ್ನಾಗಿಯೇ ಬರೆದಿದ್ದರು. ಆದರೆ "ಒಂದು ತೀರ್ಪು ನ್ಯಾಯವಾಗಿದೆ ಎಂದು ಹೇಗೆ ತಿಳಿಯುತ್ತೀರಿ?" ಎಂಬ ಪ್ರಶ್ನೆಗೆ ಬಹುತೇಕರದು ಒಂದೇ ಸಾಲಿನ ಉತ್ತರ: ತಪ್ಪು ಮಾಡಿದವರಿಗೆ ಶಿಕ್ಷೆಯಾದರೆ ಅದು ನ್ಯಾಯ. ತಪ್ಪು ಎಂದು ಹೇಳುವ ನಿಯಮವೇ ಸರಿಯೇ, ಶಿಕ್ಷೆ ಕೊಡುವ ಮೊದಲು ಏನೇನು ನಡೆಯಬೇಕು ಎಂಬ ಯೋಚನೆ ಯಾವ ಉತ್ತರದಲ್ಲೂ ಇರಲಿಲ್ಲ. ಈ ಕೊರತೆ ತುಂಬಲು ಎರಡು ಅವಧಿಗಳ ವಿಸ್ತರಣಾ ಪಾಠವೊಂದನ್ನು ಯೋಜಿಸಿದೆ. ಮೊದಲ ಅವಧಿ ಕೆಟ್ಟಿತು, ಎರಡನೆಯದು ತಕ್ಕಮಟ್ಟಿಗೆ ಸರಿಹೋಯಿತು. ಎರಡನ್ನೂ ಇಲ್ಲಿ ವಿವರಿಸುತ್ತೇನೆ.

ವಿಷಯದ ಆಯ್ಕೆ

ಕೋರ್ಟಿನ ಪ್ರಕರಣಗಳು ಈ ವಯಸ್ಸಿನ ಮಕ್ಕಳಿಗೆ ದೂರದ ಮಾತು. ಆಟದ ತೀರ್ಪು ಹಾಗಲ್ಲ. ಔಟೋ ಅಲ್ಲವೋ ಎಂದು ದಿನವೂ ಜಗಳವಾಡುವವರು ಅವರು. ಅದಕ್ಕಾಗಿ ಕಾಲೇಜು ಕ್ರೀಡೆಯಲ್ಲಿ 'ಹವ್ಯಾಸಿ' ಆಟಗಾರರ ಅರ್ಹತೆಯ ಪ್ರಶ್ನೆಯನ್ನು ಆರಿಸಿಕೊಂಡೆ. ಹಣಕ್ಕಾಗಿ ಆಡದವನು ಹವ್ಯಾಸಿ, ಹಣ ಪಡೆದು ಆಡುವವನು ವೃತ್ತಿಪರ. ಹಣ ಪಡೆದವನಿಗೆ ಕಾಲೇಜು ತಂಡದಲ್ಲಿ ಆಡುವ ಅರ್ಹತೆ ಇಲ್ಲ ಎಂಬುದು ಹಳೆಯ ನಿಯಮ. ಆದರೆ ಎಷ್ಟು ಹಣ, ಯಾವ ಹಣ, ಯಾರ ಕೈಗೆ ಬಂದ ಹಣ ಎಂದು ಕೇಳುತ್ತಾ ಹೋದರೆ ನ್ಯಾಯದ ಎಲ್ಲ ಪ್ರಶ್ನೆಗಳೂ ಅದರಲ್ಲೇ ಸಿಗುತ್ತವೆ.

ನಿರೀಕ್ಷಿತ ಕಲಿಕಾ ಫಲಗಳು ಮೂರು: ನಿಯಮದ ನ್ಯಾಯ ಮತ್ತು ವಿಚಾರಣೆಯ ನ್ಯಾಯ ಎರಡನ್ನೂ ಬೇರ್ಪಡಿಸಿ ನೋಡುವುದು, ತನಗೆ ಒಪ್ಪಿಗೆಯಿಲ್ಲದ ಪಕ್ಷದ ವಾದವನ್ನು ಅದರ ಬಲದೊಂದಿಗೆ ಹೇಳುವುದು, ಕಾರಣ ಕೊಟ್ಟು ತೀರ್ಪು ಬರೆಯುವುದು.

ಮೊದಲ ಅವಧಿ

ಜಿಮ್ ಥೋರ್ಪ್ ಅವರ ಪ್ರಕರಣದಿಂದ ಆರಂಭಿಸಿದೆ. ಅಮೆರಿಕದ ಮೂಲನಿವಾಸಿ ಸಮುದಾಯದ ಥೋರ್ಪ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು. 1909 ಮತ್ತು 1910ರ ಬೇಸಿಗೆಯಲ್ಲಿ ಸಣ್ಣ ಲೀಗೊಂದರಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂಬ ಸುದ್ದಿ 1913ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂತು. ಪದಕಗಳನ್ನು ಕಿತ್ತುಕೊಂಡರು. ಆಕ್ಷೇಪಣೆಯನ್ನು 30 ದಿನಗಳೊಳಗೆ ಸಲ್ಲಿಸಬೇಕೆಂದು ಆ ಕ್ರೀಡಾಕೂಟದ ನಿಯಮವೇ ಹೇಳುತ್ತಿತ್ತು. ಆ ಗಡುವು ತಿಂಗಳುಗಳ ಹಿಂದೆಯೇ ಮುಗಿದಿತ್ತು. ಥೋರ್ಪ್ 1953ರಲ್ಲಿ ತೀರಿಕೊಂಡರು. 1982ರಲ್ಲಿ ಅವರನ್ನು ಸಹವಿಜೇತರೆಂದೂ 2022ರಲ್ಲಿ ಏಕೈಕ ವಿಜೇತರೆಂದೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿಕೊಂಡಿತು.

ಇಷ್ಟನ್ನು ಕಥೆಯಂತೆ ಹೇಳಿ, "ಇದು ನ್ಯಾಯವೇ?" ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ "ಅಲ್ಲ ಮಿಸ್" ಎಂದಿತು. ಪಾಠ ಯಶಸ್ವಿಯಾಯಿತು ಎಂದುಕೊಂಡೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಮಾತು ಬರೆದಿದ್ದರು: "ತೀರ್ಪು ಮಕ್ಕಳದೋ, ನಿಮ್ಮದೋ?" ಸಂಜೆ ಸಿಬ್ಬಂದಿ ಕೊಠಡಿಯಲ್ಲಿ, "ನೋಡಮ್ಮ, ನೀನು ಕಥೆ ಹೇಳುವಾಗಲೇ ನಿನ್ನ ಮುಖ ತೀರ್ಪು ಕೊಟ್ಟಿತ್ತು. ನಿಯಮ ಮಾಡಿದವರ ಪರವಾಗಿ ಒಂದು ಮಾತಾದರೂ ಹೇಳಿದೆಯಾ?" ಎಂದು ಕೇಳಿದರು. ಹೇಳಿರಲಿಲ್ಲ.

ಅದಕ್ಕೆ ಕಾರಣವಿತ್ತು. ಪದವಿಯ ಎರಡನೇ ವರ್ಷದಲ್ಲಿ ನಾನು ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಒಂದು ಕ್ಲಬ್ಬಿನ ಪರವಾಗಿ ಕೆಲವು ಪಂದ್ಯ ಆಡಿದೆ. ರೈಲು ಖರ್ಚು, ಒಂದು ಜೊತೆ ಶೂ ಮತ್ತು ಸ್ವಲ್ಪ ಹಣ ಕೊಟ್ಟರು. ಕಾಲೇಜು ತೆರೆದಾಗ ತಂಡದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ದುಡ್ಡಿಗೆ ಆಡಿದವಳು ಎಂಬ ಮಾತು ಬೇರೆಯವರ ಬಾಯಿಂದ ಕಿವಿಗೆ ಬಿತ್ತು. ಯಾರೂ ನನ್ನನ್ನು ಕರೆದು ಕೇಳಲಿಲ್ಲ. ಹೊರಗಿನ ತಂಡಕ್ಕೆ ಆಡಲು ಮೊದಲೇ ಲಿಖಿತ ಅನುಮತಿ ಪಡೆಯಬೇಕೆಂಬ ಸೂಚನೆ ಫಲಕದಲ್ಲಿ ಇತ್ತು, ನಾನು ಓದಿರಲಿಲ್ಲ ಎಂಬುದನ್ನು ಮಾತ್ರ ಈ ಕಥೆ ಹೇಳುವಾಗ ಪ್ರತಿಸಲವೂ ಬಿಟ್ಟುಬಿಡುತ್ತಿದ್ದೆ. ನಾನು ನಿಯಮ ಮುರಿದದ್ದು ನಿಜ. ನನ್ನ ಮಾತು ಕೇಳದೆ ಹೆಸರು ತೆಗೆದದ್ದೂ ನಿಜ. ಥೋರ್ಪ್ ಹೆಸರಿನಲ್ಲಿ ನಾನು ನನ್ನ ದೂರನ್ನೇ ನಲವತ್ತು ಮಕ್ಕಳ ಮುಂದೆ ಇಟ್ಟಿದ್ದೆ.

ಎರಡನೇ ಅವಧಿ: ನಾಲ್ಕು ಪ್ರಶ್ನೆಗಳು

ಮರುದಿನದ ಯೋಜನೆಯನ್ನು ಪೂರ್ತಿ ಬದಲಿಸಿದೆ. ಕಪ್ಪುಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆದೆ:

1. ಈ ನಿಯಮ ಏನನ್ನು ಕಾಪಾಡುತ್ತದೆ? ಯಾರನ್ನು ಹೊರಗಿಡುತ್ತದೆ?
2. ನಿಯಮ ಮೊದಲೇ ತಿಳಿದಿತ್ತೇ? ತೀರ್ಪು ಕೊಟ್ಟವರು ತಮ್ಮ ನಿಯಮಗಳನ್ನು ತಾವು ಪಾಲಿಸಿದರೇ?
3. ಆಟಗಾರನ ಮಾತು ಕೇಳಿದರೇ? ಮೇಲ್ಮನವಿಗೆ ಅವಕಾಶವಿತ್ತೇ?
4. ತಪ್ಪಿಗೂ ಶಿಕ್ಷೆಗೂ ಅಳತೆ ಹೊಂದುತ್ತದೆಯೇ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಎರಡು ಪ್ರಕರಣಗಳನ್ನು ಕಾರ್ಡುಗಳಲ್ಲಿ ಬರೆದು ಗುಂಪುಗಳಿಗೆ ಹಂಚಿದೆ. ಅಲ್ಲಿ ಈ ತೀರ್ಪು ಕೊಡುವುದು ಎನ್‌ಸಿಎಎ ಎಂಬ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆ. ವಿಶೇಷಣಗಳನ್ನೆಲ್ಲ ತೆಗೆದು, ನಡೆದದ್ದನ್ನು ಮಾತ್ರ ಬರೆದಿದ್ದೆ.

ಮೊದಲ ಕಾರ್ಡು: ಟರ್ಕಿ ದೇಶದ ಎನೆಸ್ ಕಾಂಟರ್ ಹದಿಹರೆಯದಲ್ಲಿ ಫೆನರ್‌ಬಾಚೆ ಎಂಬ ವೃತ್ತಿಪರ ಕ್ಲಬ್ಬಿನಲ್ಲಿ ಆಡಿದ್ದರು. ನಂತರ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಸೇರಿದರು. ವೃತ್ತಿಪರ ತಂಡದೊಂದಿಗೆ ಆಡಿದ್ದಷ್ಟೇ ಆಗ ತಪ್ಪಾಗಿರಲಿಲ್ಲ; ಅಗತ್ಯ ಖರ್ಚಿಗಿಂತ ಹೆಚ್ಚು ಪಡೆದಿರಬಾರದು ಎಂಬುದು ನಿಯಮ. ಅವರಿಗೆ ಖರ್ಚು ಕಳೆದು 33,033 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 15 ಲಕ್ಷ ರೂಪಾಯಿ, ಹೆಚ್ಚು ಸಂದಿದೆ ಎಂದು 2010ರ ನವೆಂಬರ್‌ನಲ್ಲಿ ಶಾಶ್ವತವಾಗಿ ಅನರ್ಹಗೊಳಿಸಲಾಯಿತು. ವಿಶ್ವವಿದ್ಯಾಲಯದ ಮೇಲ್ಮನವಿಯನ್ನು ಕೇಳಿ, 2011ರ ಜನವರಿಯಲ್ಲಿ ತಳ್ಳಿಹಾಕಲಾಯಿತು. ಕೆಂಟಕಿ ಪರವಾಗಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ.

ಎರಡನೇ ಕಾರ್ಡು: ಜೇಮ್ಸ್ ವೈಸ್‌ಮನ್ 2019ರಲ್ಲಿ ಮೆಂಫಿಸ್ ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿ. ಅವರು ಹೈಸ್ಕೂಲಿನಲ್ಲಿದ್ದಾಗ, 2017ರಲ್ಲಿ, ಕುಟುಂಬವು ಮೆಂಫಿಸ್‌ಗೆ ಮನೆ ಬದಲಿಸಲು ಪೆನ್ನಿ ಹಾರ್ಡವೇ ಅವರ ತಾಯಿಗೆ 11,500 ಡಾಲರ್ ಕೊಟ್ಟಿದ್ದರು. ಹಾರ್ಡವೇ ಆಮೇಲೆ ಅದೇ ವಿಶ್ವವಿದ್ಯಾಲಯದ ಕೋಚ್ ಆದರು; 2008ರಲ್ಲಿ ಅದಕ್ಕೆ 10 ಲಕ್ಷ ಡಾಲರ್ ದಾನ ಕೊಟ್ಟಿದ್ದರಿಂದ ನಿಯಮದ ಪ್ರಕಾರ ಮೊದಲೇ ಅದರ 'ಪೋಷಕ'ರಾಗಿದ್ದರು. ಈ ಹಣದ ವಿಷಯ ವೈಸ್‌ಮನ್‌ಗೆ ಗೊತ್ತಿರಲಿಲ್ಲ ಎಂಬುದು ಅವರ ಕಡೆಯ ವಾದ. ಎನ್‌ಸಿಎಎ ಮೊದಲು ಆಡಲು ಒಪ್ಪಿಗೆ ಕೊಟ್ಟು, ನಂತರ 12 ಪಂದ್ಯ ಹೊರಗಿಟ್ಟು, ಅಷ್ಟೇ ಮೊತ್ತವನ್ನು ದತ್ತಿಗೆ ಕೊಡಬೇಕೆಂದು ಹೇಳಿತು. ಆ ಡಿಸೆಂಬರ್‌ನಲ್ಲೇ ಅವರು ಕಾಲೇಜು ಬಿಟ್ಟರು.

ಪ್ರತಿ ಕಾರ್ಡಿಗೂ ಒಂದು ಗುಂಪು ಆಟಗಾರನ ಪರ, ಒಂದು ಗುಂಪು ನಿಯಮದ ಪರ. ಯಾರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದೆವು.

ತರಗತಿಯಲ್ಲಿ ನಡೆದದ್ದು

ನಿಯಮದ ಪರ ನಿಂತ ಗುಂಪಿನ ಹುಡುಗನೊಬ್ಬ, ನಾನು ಪುಸ್ತಕದಿಂದ ತೆಗೆದು ಹೇಳಲಾಗದ ವಾದ ಮಂಡಿಸಿದ. "ಟೆನಿಸ್ ಬಾಲ್ ಟೂರ್ನಮೆಂಟ್‌ಗೆ ದುಡ್ಡಿರೋ ಟೀಮ್‌ನವರು ಹೊರಗಿಂದ ಗೆಸ್ಟ್ ಪ್ಲೇಯರ್ ಕರ್ಕೊಂಡು ಬರ್ತಾರೆ ಮಿಸ್. ನಮ್ಮ ಬೀದಿ ಅಣ್ಣಂದಿರು ಫಸ್ಟ್ ಮ್ಯಾಚಲ್ಲೇ ಔಟು. ರೂಲ್ ಇಲ್ಲದಿದ್ರೆ ಕಾಲೇಜಲ್ಲೂ ಹಂಗೇ ಆಗುತ್ತೆ." ಹವ್ಯಾಸಿ ನಿಯಮದ ಒಳ್ಳೆಯ ಸಮರ್ಥನೆ ಇದೇ: ಓದುವವರ ನಡುವಿನ ಆಟ ಓದುವವರ ನಡುವೆಯೇ ಉಳಿಯಲಿ, ಹಣವಂತ ಕಾಲೇಜು ಆಟಗಾರರನ್ನು ಕೊಳ್ಳದಿರಲಿ.

ವೈಸ್‌ಮನ್ ಗುಂಪಿನ ಹುಡುಗಿ ಎದ್ದು, "ಅವರಮ್ಮ ತಗೊಂಡಿದ್ದಕ್ಕೆ ಅವನ್ಯಾಕೆ ಕೂರಬೇಕು ಮಿಸ್?" ಎಂದಳು. ಎದುರು ಗುಂಪು ಸುಮ್ಮನಿರಲಿಲ್ಲ: "ಹಾಗಂದ್ರೆ ಎಲ್ಲರೂ ಅಮ್ಮನ ಕೈಗೇ ಕೊಡ್ತಾರೆ!" ಎರಡೂ ಸರಿ. ಆಗ ನಾನು ಉತ್ತರ ಹೇಳದೆ, ಇದು ಹಲಗೆಯ ಮೇಲಿನ ಎಷ್ಟನೇ ಪ್ರಶ್ನೆ ಎಂದಷ್ಟೇ ಕೇಳಿದೆ. ಸ್ವಲ್ಪ ಚರ್ಚೆಯಾಗಿ, ಮೊದಲನೆಯದು ಮತ್ತು ನಾಲ್ಕನೆಯದು ಎಂದರು.

ಕಾಂಟರ್ ಕಾರ್ಡಿನಲ್ಲಿ ಮಕ್ಕಳು ಕಂಡುಕೊಂಡದ್ದು ನನಗೂ ಹೊಸತು. ಥೋರ್ಪ್ ಪ್ರಕರಣದಲ್ಲಿ ಎರಡನೇ ಪ್ರಶ್ನೆಗೆ ಉತ್ತರ 'ಇಲ್ಲ', ಏಕೆಂದರೆ ಸಂಘಟಕರೇ 30 ದಿನಗಳ ನಿಯಮ ಮೀರಿದರು. ಕಾಂಟರ್ ವಿಷಯದಲ್ಲಿ ಲೆಕ್ಕ ತೆಗೆದರು, ಮೇಲ್ಮನವಿ ಕೇಳಿದರು. ಎರಡನೇ ಮತ್ತು ಮೂರನೇ ಪ್ರಶ್ನೆಗೆ ಉತ್ತರ 'ಹೌದು'. ಆದರೂ ಹದಿನಾರು–ಹದಿನೇಳರ ವಯಸ್ಸಿನಲ್ಲಿ ಪಡೆದ ಹಣಕ್ಕೆ ಶಾಶ್ವತ ಅನರ್ಹತೆ ಹೆಚ್ಚಾಯಿತು ಎಂದು ಆ ಗುಂಪು ತೀರ್ಮಾನಿಸಿತು. ವಿಚಾರಣೆ ಸರಿಯಿದ್ದೂ ತೀರ್ಪು ಭಾರವಾಗಬಹುದು, ತೀರ್ಪು ಸರಿಯೆನಿಸಿದರೂ ವಿಚಾರಣೆ ಕೆಟ್ಟಿರಬಹುದು ಎಂಬ ಅಂಶವನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ನಿಯಮಕ್ಕೂ ಇತಿಹಾಸವಿದೆ

ಕೊನೆಯ ಹದಿನೈದು ನಿಮಿಷ ಮೊದಲ ಪ್ರಶ್ನೆಯ ಎರಡನೇ ಭಾಗಕ್ಕೆ ಬಂದೆವು: ನಿಯಮ ಯಾರನ್ನು ಹೊರಗಿಡುತ್ತದೆ? ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯವರು 1879ರಲ್ಲಿ ಬರೆದ ಹವ್ಯಾಸಿ ನಿಯಮದ ಪ್ರಕಾರ ಕೂಲಿಗೆ ದುಡಿಯುವ ಕುಶಲಕರ್ಮಿ ಅಥವಾ ಕಾರ್ಮಿಕ ಹವ್ಯಾಸಿ ಆಗುವಂತೆಯೇ ಇರಲಿಲ್ಲ. ಆಟಕ್ಕೆ ಹಣ ಪಡೆಯದಿದ್ದರೂ ಸರಿ, ಕೈಕೆಲಸ ಮಾಡಿದ್ದರೆ ಸಾಕು, ಹೊರಗೆ. ಇಟ್ಟಿಗೆ ಕಟ್ಟುವ ಕೆಲಸ ಮಾಡಿದ್ದ ಅಮೆರಿಕದ ಜಾನ್ ಕೆಲ್ಲಿ ಅವರ ಪ್ರವೇಶವನ್ನು 1920ರಲ್ಲಿ ನಿರಾಕರಿಸಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಅವರು ಚಿನ್ನ ಗೆದ್ದರು.

ಈ ನಿಯಮ ಬರೆದ ಕಾಲಕ್ಕೇ, 1880ರ ದಶಕದಲ್ಲಿ, ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಚಿನ್ನದ ಗಣಿ ನಡೆಸತೊಡಗಿತ್ತು. "ಗಣಿಯಲ್ಲಿ ಇಳಿದವರು ಆ ದೋಣಿ ಸ್ಪರ್ಧೆಗೆ ಹೋಗಬಹುದಿತ್ತೇ?" ಎಂದು ಕೇಳಿದೆ. ಕೊನೆಯ ಬೆಂಚಿನಿಂದ ಮೆಲ್ಲಗೆ ಬಂತು ಉತ್ತರ: "ನಮ್ಮ ತಾತ ಹೋಗೋ ಹಾಗಿರಲಿಲ್ಲ." 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರ ಮೊಮ್ಮಕ್ಕಳು ಈ ತರಗತಿಯಲ್ಲಿದ್ದಾರೆ. ಅವರಿಗೆ ಈ ಪ್ರಶ್ನೆ ಇಂಗ್ಲೆಂಡಿನದಾಗಿ ಉಳಿಯಲಿಲ್ಲ.

ನಿಯಮಗಳು ಬದಲಾಗುತ್ತವೆ ಎಂಬುದನ್ನೂ ಹೇಳಿದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವು 1989ರಲ್ಲಿ ವೃತ್ತಿಪರರಿಗೆ ಬಾಗಿಲು ತೆರೆಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅಮೆರಿಕದ ವೃತ್ತಿಪರರ ತಂಡ ಬಂತು. 2021ರ ಜುಲೈನಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದು. "ಹಾಗಾದ್ರೆ ಕಾಂಟರ್ ಹತ್ತು ವರ್ಷ ತಡವಾಗಿ ಹುಟ್ಟಬೇಕಿತ್ತು" ಎಂದ ಒಬ್ಬ. ತರಗತಿ ನಕ್ಕಿತು.

ಮೌಲ್ಯಮಾಪನ

ನಮ್ಮಲ್ಲಿಯೂ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಿಗೆ ಅರ್ಹತಾ ಪತ್ರ ಬೇಕು. ಪೂರ್ಣಾವಧಿ ವಿದ್ಯಾರ್ಥಿಯೇ, ವಯಸ್ಸೆಷ್ಟು ಎಂದು ನೋಡುತ್ತಾರೆ. ಹಾಗಾಗಿ ಮನೆಗೆಲಸವಾಗಿ, ಶಾಲೆಯ ಖೋಖೋ ತಂಡಕ್ಕೆ ಒಂದು ಅರ್ಹತಾ ನಿಯಮವನ್ನೂ ಅದರ ವಿಚಾರಣಾ ಕ್ರಮವನ್ನೂ ಐದು ವಾಕ್ಯಗಳಲ್ಲಿ ಬರೆದು ತರಲು ಹೇಳಿದೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಮಕ್ಕಳೇ ಹೆಚ್ಚಿದ್ದುದರಿಂದ ಕಾಗುಣಿತದ ತಪ್ಪಿಗೆ ಅಂಕ ಕಳೆಯಲಿಲ್ಲ, ಕಾರಣಕ್ಕೆ ಅಂಕ ಕೊಟ್ಟೆ. ಅರ್ಧಕ್ಕಿಂತ ಹೆಚ್ಚು ಉತ್ತರಗಳಲ್ಲಿ ವಿಚಾರಣೆಯ ಮಾತು ಬಂದಿತ್ತು. ಒಂದರಲ್ಲಿ ಹೀಗಿತ್ತು: "ಹೆಸರು ತೆಗೆಯುವ ಮೊದಲು ಆಟಗಾರರನ್ನು ಕರೆದು ಕೇಳಬೇಕು. ನಿಯಮವನ್ನು ಬೋರ್ಡಿಗೆ ಅಂಟಿಸಿದರೆ ಸಾಲದು, ಓದಿ ಹೇಳಬೇಕು." ಹಿಂದಿನ ದಿನವಾಗಲಿ ಅಂದಾಗಲಿ ನನ್ನ ಕಾಲೇಜಿನ ವಿಷಯವನ್ನು ನಾನು ಅವರಿಗೆ ಹೇಳಿರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಮಾಡುವವರು ಪ್ರಕರಣದ ಕಾರ್ಡುಗಳನ್ನು ಮೊದಲು ಸಹಪಾಠಿಯೊಬ್ಬರಿಗೆ ಓದಲು ಕೊಡಿ. ಬರೆದವರು ಯಾರ ಪರ ಎಂದು ಅವರಿಗೆ ಗೊತ್ತಾದರೆ ತಿದ್ದಿ. ಒಂದೇ ಪ್ರಕರಣ ಸಾಲದು, ನಾಲ್ಕು ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರ ಬರುವ ಎರಡಾದರೂ ಇರಲಿ. ಪಕ್ಷವನ್ನು ಚೀಟಿಯಿಂದಲೇ ಹಂಚಿ. ಎರಡು ಅವಧಿ ನನಗೆ ಸಾಕಾಗಲಿಲ್ಲ. ಮೂರು ಇದ್ದರೆ ಗುಂಪುಗಳು ಪಕ್ಷ ಬದಲಿಸಿ ವಾದಿಸಲು ಸಮಯ ಸಿಗುತ್ತದೆ. ವಿಷಯದೊಂದಿಗೆ ನಿಮ್ಮದೇ ಹಳೆಯ ನೋವು ಸೇರಿಕೊಂಡಿದ್ದರೆ, ಪಾಠ ಯೋಜನೆ ಬರೆಯುವ ಮೊದಲು ಅದನ್ನು ಒಂದು ಹಾಳೆಯಲ್ಲಿ ಪೂರ್ತಿ ಬರೆಯಿರಿ, ನೀವು ಓದದೆ ಬಿಟ್ಟ ಸೂಚನೆಯನ್ನೂ ಸೇರಿಸಿ. ಆ ಹಾಳೆಯನ್ನು ತರಗತಿಗೆ ಒಯ್ಯಬೇಡಿ.