ಬೆಳಕಿಗೊಂದು ಬಾಗಿಲು

ಹೈದರಾಬಾದಿನಿಂದ ಬೆಂಗಳೂರಿಗೆ ಕ್ಷಣಾರ್ಧದಲ್ಲಿ ಸುದ್ದಿ ಮುಟ್ಟುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಮೂಲಕ. ಇಂಥ ಎಳೆ ತಯಾರಿಸುವ ಎಚ್.ಎಫ್.ಸಿ.ಎಲ್. ಕಾರ್ಖಾನೆ ನಮ್ಮ ಊರಿನಲ್ಲೇ 2020ರಲ್ಲಿ ಆರಂಭವಾಯಿತು. ಎಳೆಯೊಳಗೆ ಹರಿಯುವುದು ಕಣ್ಣಿಗೆ ಕಾಣದ ಬೆಳಕು. ಆದರೆ ಒಂದೇ ಸಮನೆ ಉರಿಯುವ ಬೆಳಕು ಸುದ್ದಿಯಾಗದು. ಹಿಂದೆ ತಂತಿ ಮಾಸ್ತರರು ಕೀಲಿ ಒತ್ತಿ ಬಿಡುತ್ತಿದ್ದಂತೆ, ಬೆಳಕನ್ನೂ ಬಿಟ್ಟು ಬಿಟ್ಟು ತಡೆಯಬೇಕು. ದಾರಿ ಎಷ್ಟು ಚೆನ್ನಾಗಿದ್ದರೂ ಬಾಗಿಲು ನಿಧಾನವಾದರೆ ಪ್ರಯೋಜನವಿಲ್ಲ.

ಈ ಬಾಗಿಲಿನ ಕೆಲಸಕ್ಕೆ ಒದಗಬಲ್ಲ ಒಂದು ವಸ್ತು ಗ್ರಾಫೀನ್. ಪೆನ್ಸಿಲಿನ ಕಡ್ಡಿಯನ್ನು ನಾವು ಸೀಸವೆನ್ನುತ್ತೇವೆ. ನಿಜವಾಗಿ ಅದರಲ್ಲಿರುವುದು ಗ್ರಾಫೈಟ್ ಎಂಬ ಇಂಗಾಲ. ಅದರ ಒಂದೇ ಒಂದು ಪದರ, ಎಂದರೆ ಒಂದು ಪರಮಾಣು ದಪ್ಪದ ಹಾಳೆ, ಗ್ರಾಫೀನ್. ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಎಂಬವರು ಅಂಟುಪಟ್ಟಿಯಿಂದ ಅದನ್ನು ಬಿಡಿಸಿ 2004ರಲ್ಲಿ ಪ್ರಕಟಿಸಿದರು. 2010ರಲ್ಲಿ ನೊಬೆಲ್ ಬಹುಮಾನ ಪಡೆದರು.

ಇದು ಬಾಗಿಲಾಗುವುದು ಹೇಗೆ? ಎರಡಂತಸ್ತಿನ ಬಸ್ಸನ್ನು ನೆನೆಯಿರಿ. ಮೇಲೆ ಆಸನ ಖಾಲಿಯಿದ್ದರೆ ಕೆಳಗಿನವನು ಟಿಕೇಟು ಕೊಂಡು ಏರುತ್ತಾನೆ. ಹಾಳೆಯ ಎಲೆಕ್ಟ್ರಾನಿಗೆ ಬೆಳಕಿನ ಕಣವೇ ಟಿಕೇಟು. ಅದನ್ನು ನುಂಗಿ ಮೇಲೇರುತ್ತದೆ. ಆಗ ಬೆಳಕು ಅಲ್ಲಿಗೇ ಮುಗಿಯಿತು. ಮೇಲಿನ ಆಸನಗಳು ಮೊದಲೇ ಭರ್ತಿಯಾಗಿದ್ದರೆ ಟಿಕೇಟು ಕೊಳ್ಳುವವರಿಲ್ಲ. ಬೆಳಕು ಮುಂದೆ ಸಾಗುತ್ತದೆ. ಹಾಳೆಗೆ ತಕ್ಕ ವೋಲ್ಟೇಜು ಕೊಟ್ಟು ಆ ಆಸನಗಳನ್ನು ತುಂಬಿಸಿದರೆ ಬಾಗಿಲು ತೆರೆಯಿತು; ವೋಲ್ಟೇಜು ತೆಗೆದರೆ ಮುಚ್ಚಿತು.

ಒಂದು ತೊಡಕುಂಟು. ಹಾಳೆಯನ್ನು ಅಡ್ಡಲಾಗಿ ದಾಟುವ ಬೆಳಕಿನಲ್ಲಿ ಅದು ನುಂಗುವುದು ನೂರಕ್ಕೆ 2.3 ಪಾಲು ಮಾತ್ರ. ಇಷ್ಟೊಂದು ತೆಳುವಾದ ವಸ್ತುವಿಗೆ ಇದು ಬಹಳ, ಬಾಗಿಲಿಗೆ ಸಾಲದು. ಆದುದರಿಂದ ಗಾಜಿನ ಎಳೆಯ ಒಂದು ಮಗ್ಗುಲನ್ನು ಸವೆಸಿ, ಅಲ್ಲಿ ಗ್ರಾಫೀನ್ ಹಚ್ಚುತ್ತಾರೆ. ಬೆಳಕು ಹಾಳೆಯ ಉದ್ದಕ್ಕೂ ಸವರಿಕೊಂಡು ಹೋಗುವುದರಿಂದ ಹನಿಗೂಡಿ ಹಳ್ಳವಾಗುತ್ತದೆ. ಇದೇ ಉಪಾಯವನ್ನು ಬರ್ಕ್ಲಿಯ ವಿಜ್ಞಾನಿಗಳು 2011ರಲ್ಲಿ ಸಿಲಿಕಾನ್ ಕಾಲುವೆಯ ಮೇಲೆ ಮಾಡಿ, ಸೆಕೆಂಡಿಗೆ 100 ಕೋಟಿ ಸಲ ತೆರೆದು ಮುಚ್ಚುವ ಬಾಗಿಲನ್ನು ತೋರಿಸಿದರು.

ಹಾಗೆಂದು ಹಳೆಯ ಬಾಗಿಲುಗಳು ಮೂಲೆಗೆ ಬಿದ್ದಿಲ್ಲ. ಲಿಥಿಯಂ ನಯೋಬೇಟ್ ಹರಳು, ಸಿಲಿಕಾನ್ ಮೊದಲಾದವುಗಳ ಸಾಧನಗಳೇ ಇಂದು ಹೆಚ್ಚು ಬಳಕೆಯಲ್ಲಿವೆ. ಕಲೆಯಿಲ್ಲದ, ಹರಿಯದ ಗ್ರಾಫೀನ್ ಹಾಳೆಯನ್ನು ಸಾವಿರಾರು ಸಾಧನಗಳ ಮೇಲೆ ಒಂದೇ ಬಗೆಯಾಗಿ ಕೂರಿಸುವುದು ಸುಲಭವಲ್ಲ. ಪ್ರಯೋಗಶಾಲೆಯಲ್ಲಿ ಒಂದು ಮಾಡುವುದು ಬೇರೆ, ಕಾರ್ಖಾನೆಯಲ್ಲಿ ಲಕ್ಷ ಮಾಡುವುದು ಬೇರೆ. ವಿಜ್ಞಾನ ಓದುವ ನಮ್ಮ ತರುಣರಿಗೆ ಕೆಲಸ ಉಳಿದಿರುವುದು ಈ ಎರಡರ ನಡುವೆಯೇ.