ಕಾಲ್ಚೆಂಡಾಟದ ತೀರ್ಪು ಮತ್ತು ಪ್ರೇಕ್ಷಕರ ವಾದ

ಪ್ರಾಚೀನ ನ್ಯಾಯದರ್ಶನಕಾರರು ಪರಸ್ಪರ ವಿಚಾರವನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತತ್ತ್ವನಿರ್ಣಯವೇ ಗುರಿಯಾಗಿ ಉಭಯರೂ ಪ್ರಮಾಣಪೂರ್ವಕವಾಗಿ ಮಾತನಾಡುವುದು ವಾದ. ಗೆಲವೊಂದೇ ಗುರಿಯಾಗಿ, ಬೇಕಾದರೆ ಛಲೋಕ್ತಿಗಳನ್ನೂ ಹೂಡಿ, ತನ್ನ ಪಕ್ಷವನ್ನು ನಿಲ್ಲಿಸಿಕೊಳ್ಳುವುದು ಜಲ್ಪ. ತನ್ನದೆಂಬ ಪಕ್ಷವೊಂದನ್ನು ಸ್ಥಾಪಿಸದೆ ಎದುರಾಳಿಯ ಮಾತನ್ನು ಕೆಡವುವುದೊಂದನ್ನೇ ಬಲ್ಲದ್ದು ವಿತಂಡ. ಪಾಠಶಾಲೆಯ ತರ್ಕಗ್ರಂಥಗಳಲ್ಲಿ ಈ ವಿಭಾಗವನ್ನು ಕಂಠಪಾಠ ಮಾಡಿದವರಿಗೆ ಇದರ ಉದಾಹರಣೆಗಳು ಬೇಕಾದಲ್ಲಿ ದೂರ ಹೋಗಬೇಕಾಗಿಲ್ಲ. ಪಂದ್ಯದ ಮರುದಿನ ಬೆಳಗ್ಗೆ ಮಾಲೂರಿನ ರೈಲು ನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಗಾಗಿ ಕಾಯುವ ತರುಣರ ಗುಂಪಿನ ಬಳಿ ಕಿವಿಗೊಟ್ಟು ನಿಂತರೆ ಮೂರೂ ಒಂದೇ ಕಡೆ ದೊರೆಯುತ್ತವೆ.

ಕೋಲಾರದ ಸೀಮೆಗೆ ಕಾಲ್ಚೆಂಡಾಟವು ಅಪರಿಚಿತವಲ್ಲ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಚಿನ್ನದ ಗಣಿಗಾರಿಕೆಯನ್ನು ಕೈಗೊಂಡ ತರುವಾಯ ಆಂಗ್ಲರೊಡನೆ ಬಂದ ಆಟಗಳಲ್ಲಿ ಇದೂ ಒಂದಾಗಿ, ಗಣಿಯ ಮೈದಾನಗಳಲ್ಲಿ ಕಾರ್ಮಿಕರ ಮಕ್ಕಳಿಗೂ ಒಲಿಯಿತು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು; ಆಟ ಮುಚ್ಚಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಕಬಡ್ಡಿಗೂ ವಾಲಿಬಾಲಿಗೂ ಇರುವ ಮನ್ನಣೆ ಇದಕ್ಕಿಲ್ಲವೆಂಬುದು ನಿಜ. ಆದರೆ ೨೦೧೩ರಲ್ಲಿ ಬೆಂಗಳೂರು ಎಫ್.ಸಿ. ಎಂಬ ವೃತ್ತಿನಿರತ ತಂಡವು ಸ್ಥಾಪಿತವಾಗಿ, ಮುಂದೆ ಕಂಠೀರವ ಕ್ರೀಡಾಂಗಣವು ಅದರ ಮನೆಯಂಗಳವಾದ ಮೇಲೆ, ದುಡಿಮೆಗಾಗಿ ರಾಜಧಾನಿಗೆ ಹೋಗಿಬರುವ ಈ ಜಿಲ್ಲೆಯ ಯುವಕರಿಗೆ ತಮ್ಮದೆಂದು ಹೇಳಿಕೊಳ್ಳುವ ಪಕ್ಷವೊಂದು ದೊರೆತಂತಾಯಿತು. ಪಕ್ಷವಿದ್ದಲ್ಲಿ ಪ್ರತಿಪಕ್ಷವೂ ಇರಲೇಬೇಕಷ್ಟೆ. ನೆರೆಯ ಕೇರಳದ ಬ್ಲಾಸ್ಟರ್ಸ್ ತಂಡವು ಆ ಸ್ಥಾನವನ್ನು ತುಂಬಿತು.

ಪ್ರಸ್ತುತ ವಿಚಾರಕ್ಕೆ ಆಧಾರವಾದ ಘಟನೆ ನಡೆದದ್ದು ೨೦೨೩ರ ಮಾರ್ಚ್ ೩, ಶುಕ್ರವಾರದ ರಾತ್ರಿ. ಇಂಡಿಯನ್ ಸೂಪರ್ ಲೀಗಿನ ಉಪಾಂತ್ಯಕ್ಕೆ ಪ್ರವೇಶ ದೊರಕಿಸಿಕೊಡುವ ಪಂದ್ಯ. ಕಂಠೀರವದಲ್ಲಿ ಉಭಯ ತಂಡಗಳೂ ತೊಂಬತ್ತು ನಿಮಿಷ ಗೋಲಿಲ್ಲದೆ ಸೆಣಸಿ, ಮೂವತ್ತು ನಿಮಿಷಗಳ ಹೆಚ್ಚುವರಿ ಆಟಕ್ಕೆ ಇಳಿದಿದ್ದವು. ಅದರ ಆರಂಭದ ಕೆಲವೇ ನಿಮಿಷಗಳಲ್ಲಿ ಕೇರಳದ ಗೋಲಿನ ಮುಂದೆ ಬೆಂಗಳೂರಿಗೆ ಫ್ರೀಕಿಕ್ ದೊರೆಯಿತು. ಕೇರಳದವರು ಅಡ್ಡಗೋಡೆಯಾಗಿ ನಿಲ್ಲುವ ಸಿದ್ಧತೆಯಲ್ಲಿದ್ದರು; ಅವರ ಗೋಲ್‌ಕೀಪರ್ ಆ ಗೋಡೆಯನ್ನು ಸರಿಪಡಿಸುತ್ತಿದ್ದನು. ಸೀಟಿಯ ಧ್ವನಿಗೆ ಕಾಯದೆ ಸುನಿಲ್ ಛೆಟ್ರಿಯವರು ಚೆಂಡನ್ನು ಬರಿದಾದ ಗೋಲಿನೊಳಕ್ಕೆ ಮೆಲ್ಲನೆ ತೇಲಿಸಿದರು. ತೀರ್ಪುಗಾರರಾದ ಕ್ರಿಸ್ಟಲ್ ಜಾನ್ ಅವರು ಅದನ್ನು ಗೋಲೆಂದು ಸಾರಿದರು. ವಾಗ್ವಾದ ನಡೆಯಿತು. ಕೇರಳದ ತರಬೇತುದಾರ ಇವಾನ್ ವುಕೊಮಾನೊವಿಚ್ ಅವರು ತಮ್ಮ ಆಟಗಾರರನ್ನು ಅಂಗಳದಿಂದ ಹೊರಕ್ಕೆ ಕರೆದೊಯ್ದರು. ತಂಡವು ಮರಳಿ ಬಾರದಿರಲು, ಕಾದು ನೋಡಿ, ಬೆಂಗಳೂರನ್ನು ವಿಜಯಿಯೆಂದು ಘೋಷಿಸಲಾಯಿತು.

ಮರುದಿನದಿಂದ ಮೊದಲಾದ ಚರ್ಚೆಯಲ್ಲಿ ಮೂರು ಪ್ರಶ್ನೆಗಳು ಒಂದರೊಡನೊಂದು ಹೆಣೆದುಕೊಂಡುವು. ತೀರ್ಪು ಸರಿಯೆ? ತರಬೇತುದಾರನ ನಿರ್ಧಾರ ಯುಕ್ತವೆ? ಆಟಗಾರನ ನಡತೆ ಶೀಲಕ್ಕೆ ಒಪ್ಪುವುದೆ? ಮೊದಲನೆಯದು ನಿಯಮದ ಪ್ರಶ್ನೆ, ಎರಡನೆಯದು ವಿವೇಕದ ಪ್ರಶ್ನೆ, ಮೂರನೆಯದು ಔಚಿತ್ಯದ ಪ್ರಶ್ನೆ. ಒಂದಕ್ಕೆ ಸಲ್ಲುವ ಪ್ರಮಾಣ ಮತ್ತೊಂದಕ್ಕೆ ಸಲ್ಲುವುದಿಲ್ಲ. 'ಗೋಡೆ ಸಿದ್ಧವಾಗುವ ಮೊದಲೇ ಒದ್ದದ್ದು ಗಂಡಸುತನವಲ್ಲ, ಆದ್ದರಿಂದ ಗೋಲು ಸಲ್ಲದು' ಎಂಬುವನು ಔಚಿತ್ಯದ ಹೇತುವಿನಿಂದ ನಿಯಮವನ್ನು ಸಾಧಿಸಹೊರಟಿದ್ದಾನೆ. 'ಗೋಲು ನಿಯಮಬದ್ಧ, ಆದ್ದರಿಂದ ಯಾರೂ ಉಸಿರೆತ್ತಕೂಡದು' ಎಂಬುವನ ತಪ್ಪು ಇದಕ್ಕೆ ವಿಪರ್ಯಯವಾದುದು. ಹಗ್ಗದ ಒಂದೊಂದು ಎಳೆಯನ್ನೂ ಬೇರೆಬೇರೆಯಾಗಿ ಬಿಡಿಸಿದ ಹೊರತು ಗಂಟು ಸಡಿಲವಾಗದು.

ಮೊದಲು ನಿಯಮ. ಫ್ರೀಕಿಕ್ಕಿಗೆ ಪ್ರತಿಸಲವೂ ಸೀಟಿ ಬೇಕೆಂಬ ನಂಬಿಕೆ ಜನಸಾಮಾನ್ಯರಲ್ಲಿ ಬಲವಾಗಿದೆ. ಆದರೆ ಅದು ನಿಯಮವಲ್ಲ. ಆಟವನ್ನು ನಿಲ್ಲಿಸುವುದಕ್ಕೆ ಸೀಟಿ ಬೇಕು. ಫ್ರೀಕಿಕ್ಕಿನಿಂದ ಪುನಃ ಆರಂಭಿಸುವುದಕ್ಕೆ ಸಾಮಾನ್ಯವಾಗಿ ಬೇಡ. ತಪ್ಪಿಗೆ ಗುರಿಯಾದ ಪಕ್ಷವು ತಡಮಾಡದೆ ಒದೆಯಬಹುದು. ಎದುರಾಳಿಗಳು ಹತ್ತು ಗಜ, ಎಂದರೆ ೯.೧೫ ಮೀಟರ್, ದೂರದಲ್ಲಿರಬೇಕೆಂಬುದು ಒದೆಯುವವನ ಹಕ್ಕಿಗಾಗಿ ಇರುವ ನಿಬಂಧನೆ. ಆ ಹಕ್ಕನ್ನು ಅವನು ಬಿಟ್ಟುಕೊಡಬಹುದು. ಆದರೆ ತೀರ್ಪುಗಾರನು ತಾನೇ ಮಧ್ಯೆ ಪ್ರವೇಶಿಸಿ, ದೂರವನ್ನು ಅಳೆದು ಗೋಡೆಯನ್ನು ಹಿಂದಕ್ಕೆ ಸರಿಸಿದರೆ, ಇಲ್ಲವೆ ಯಾರಿಗಾದರೂ ಎಚ್ಚರಿಕೆಯ ಚೀಟಿ ತೋರಿಸಿದರೆ, ಆಗ ಸೀಟಿಯಾಗುವವರೆಗೆ ಒದೆಯುವಂತಿಲ್ಲ.

ಇನ್ನು ಪೂರ್ವಪಕ್ಷ, ಸಿದ್ಧಾಂತಗಳನ್ನು ಎದುರಿಟ್ಟು ನೋಡಬಹುದು. ಸಂಗತಿಯ ಭಾಗವಿಷ್ಟು: ತೀರ್ಪುಗಾರರು ಗೋಡೆಯ ಏರ್ಪಾಟಿಗೆ ಕೈಹಾಕಿದ್ದರೆ ಅಥವಾ ಇಲ್ಲವೆ? ಕೈಹಾಕಿದ್ದರು, ಆದುದರಿಂದ ಸೀಟಿ ಅವಶ್ಯವಾಗಿತ್ತು ಎಂಬುದು ಕೇರಳದವರ ವಾದ. ತಮಗೆ ಗೋಡೆಯೂ ಬೇಡ ಸೀಟಿಯೂ ಬೇಡವೆಂದು ತೀರ್ಪುಗಾರರಿಗೆ ಮೊದಲೇ ತಿಳಿಸಿದ್ದಾಗಿಯೂ, ಕೇರಳದ ಆಟಗಾರ ಲೂನಾ ಅವರು ಅದನ್ನು ಕೇಳಿಸಿಕೊಂಡೇ ತಮ್ಮ ಮೊದಲ ಯತ್ನಕ್ಕೆ ಅಡ್ಡ ಬಂದರೆಂದೂ ಛೆಟ್ರಿಯವರು ಪಂದ್ಯಾನಂತರ ಹೇಳಿದರು. ಇಲ್ಲಿ ಪ್ರಮಾಣವಿಚಾರವು ಸ್ವಾರಸ್ಯವಾಗಿದೆ. ಪ್ರೇಕ್ಷಕನು ದೂರದರ್ಶನದಲ್ಲಿ ಹತ್ತು ಸಲ ಕಂಡದ್ದನ್ನು ಪ್ರತ್ಯಕ್ಷವೆನ್ನುತ್ತಾನೆ. ಆದರೆ ನಿರ್ಣಾಯಕವಾದದ್ದು ಕಂಡ ಚಿತ್ರವಲ್ಲ, ಇಬ್ಬರ ನಡುವೆ ನಡೆದ ಮಾತು. ಅದು ಶಬ್ದಪ್ರಮಾಣಕ್ಕೆ ಸೇರಿದ್ದು, ಛಾಯಾಯಂತ್ರಕ್ಕೆ ಕೇಳಿಸುವಂಥದಲ್ಲ. ನಿಯಮದ ಐದನೆಯ ಪ್ರಕರಣವಾದರೋ ಗೋಲಾಯಿತೆ ಇಲ್ಲವೆ ಎಂಬುದೂ ಸೇರಿದಂತೆ ಆಟದ ಸಂಗತಿಗಳ ಕುರಿತು ತೀರ್ಪುಗಾರನ ಮಾತೇ ಅಂತಿಮವೆಂದು ವಿಧಿಸುತ್ತದೆ. ಅಂತಿಮವೆಂದರೆ ಅಭ್ರಾಂತವೆಂದು ಅರ್ಥವಲ್ಲ. ಈ ಎರಡು ಪದಗಳ ಅಂತರವನ್ನು ಅರಿಯದವರೇ ತೀರ್ಪುಗಾರನನ್ನು ಒಮ್ಮೆ ದೇವರೆಂದೂ ಮತ್ತೊಮ್ಮೆ ಕಳ್ಳನೆಂದೂ ಕರೆಯುವರು. ತೀರ್ಪುಗಾರರು ಸೀಟಿಯ ವಿಷಯವನ್ನು ಎಲ್ಲರಿಗೂ ಕಾಣುವಂತೆ ಸೂಚಿಸಿದ್ದರೆ ಇಷ್ಟು ಗೊಂದಲಕ್ಕೆ ಎಡೆಯಿರುತ್ತಿರಲಿಲ್ಲವೆಂಬ ಆಕ್ಷೇಪ ಮಾತ್ರ ನ್ಯಾಯವಾದುದೆಂದು ತೋರುತ್ತದೆ. ಪಂದ್ಯವನ್ನು ಪುನಃ ಆಡಿಸಬೇಕೆಂಬ ಕೇರಳದ ಮನವಿಯನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿಯು ತಳ್ಳಿಹಾಕಿತು.

ಅಂಗಳದ ಮಾತು ಎಲ್ಲರಿಗೂ ತಿಳಿಯದೆ ಹೋಗುವ ತೊಡಕು ಹಳೆಯದು. ೧೯೬೬ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿಗೆದುರಾಗಿ ಆಡುತ್ತಿದ್ದ ಅರ್ಜೆಂಟೀನದ ನಾಯಕ ರಟ್ಟೀನನನ್ನು ಜರ್ಮನ್ ತೀರ್ಪುಗಾರನು ಹೊರಗೆ ಕಳುಹಿಸಿದಾಗ, ಅವನ ಭಾಷೆ ಇವನಿಗೆ ತಿಳಿಯದೆ, ಇವನದು ಅವನಿಗೆ ತಿಳಿಯದೆ, ಬಹಳ ಹೊತ್ತು ಆಟವೇ ನಿಂತಿತು. ಇಂಥ ಪೇಚುಗಳನ್ನು ಕಂಡ ಕೆನ್ ಆಸ್ಟನ್ ಎಂಬ ಆಂಗ್ಲ ತೀರ್ಪುಗಾರರ ಸಲಹೆಯಂತೆ ಹಳದಿ, ಕೆಂಪು ಚೀಟಿಗಳು ೧೯೭೦ರ ವಿಶ್ವಕಪ್ಪಿನಲ್ಲಿ ಬಳಕೆಗೆ ಬಂದುವು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಕೋಲಾರದವರಿಗೆ ಬಣ್ಣದ ಭಾಷೆಯ ಸೌಲಭ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ತರಬೇತುದಾರನ ವಿವೇಕ. ಇದರಲ್ಲಿ ಅಭಿಮಾನಿಗಳ ಚರ್ಚೆ ಸಾಮಾನ್ಯವಾಗಿ ಫಲವನ್ನು ನೋಡಿ ಕಾರಣವನ್ನು ಹೊಗಳುವ ಜಾಡಿನಲ್ಲಿ ಸಾಗುತ್ತದೆ. ಆ ಋತುವಿನ ಕೊನೆಯ ಭಾಗದಲ್ಲಿ ಬೆಂಗಳೂರಿನ ತರಬೇತುದಾರ ಸೈಮನ್ ಗ್ರೇಸನ್ ಅವರು ಛೆಟ್ರಿಯವರಂಥ ಹಿರಿಯರನ್ನೇ ಆರಂಭದಲ್ಲಿ ಹೊರಗೆ ಕೂರಿಸಿ, ತರುಣರನ್ನು ಆಡಿಸಿ, ಅನಂತರ ಬದಲಿ ಆಟಗಾರನಾಗಿ ಇಳಿಸುತ್ತಿದ್ದರು. ಮೊದಲು ಇದಕ್ಕೆ ಗೊಣಗಿದವರೇ ತಂಡವು ಸತತ ಎಂಟು ಪಂದ್ಯಗಳನ್ನು ಗೆದ್ದಾಗ ದೂರದೃಷ್ಟಿಯೆಂದರು. ಅದಂತಿರಲಿ. ವುಕೊಮಾನೊವಿಚ್ ಅವರ ನಿರ್ಧಾರವನ್ನು ಅಳೆಯುವುದಕ್ಕೆ ಮಾತ್ರ ಫಲವನ್ನು ಕಾಯಬೇಕಾಗಿಲ್ಲ. ಆ ಕ್ಷಣದ ಗಣಿತವೇ ಸಾಕು. ಹೆಚ್ಚುವರಿ ಆಟದಲ್ಲಿ ಇನ್ನೂ ಇಪ್ಪತ್ತು ನಿಮಿಷಕ್ಕೂ ಮಿಕ್ಕ ಕಾಲ ಉಳಿದಿತ್ತು. ಬೇಕಾಗಿದ್ದುದು ಒಂದೇ ಗೋಲು. ಮನವಿಯನ್ನು ಪಂದ್ಯ ಮುಗಿದ ಮೇಲೂ ಸಲ್ಲಿಸಬಹುದಿತ್ತು. ಚೆಂಡಿನ ಮುಂದೆ ಒಬ್ಬನು ನಿಲ್ಲದೆ ಹೋದ ತಮ್ಮವರ ಎಚ್ಚರಗೇಡನ್ನು ತಿದ್ದುವ ಅವಕಾಶವೂ ಇತ್ತು. ಹೊರನಡೆದದ್ದರಿಂದ ವಿವಾದಾಸ್ಪದವಾಗಿದ್ದ ಅನ್ಯಾಯವೊಂದು ನಿರ್ವಿವಾದವಾದ ಅಪರಾಧವಾಗಿ ಮಾರ್ಪಟ್ಟಿತು. ಮಾರ್ಚ್ ೩೧ರಂದು ಶಿಸ್ತು ಸಮಿತಿಯು ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡವನ್ನೂ, ಬಹಿರಂಗ ಕ್ಷಮೆ ಕೋರದಿದ್ದಲ್ಲಿ ಆರು ಕೋಟಿಯನ್ನೂ, ತರಬೇತುದಾರರಿಗೆ ಹತ್ತು ಪಂದ್ಯಗಳ ನಿಷೇಧದೊಡನೆ ಐದು ಲಕ್ಷ ದಂಡವನ್ನೂ ವಿಧಿಸಿತು. ಉಭಯರೂ ಕ್ಷಮೆ ಕೋರಿದರು. ಆಟಗಾರರ ಮೇಲಿನ ವಾತ್ಸಲ್ಯದಿಂದ ಅವರು ಹಾಗೆ ಮಾಡಿದರೆಂದು ಅಭಿಮಾನಿಗಳು ಸಮರ್ಥಿಸಿದುದುಂಟು. ವಾತ್ಸಲ್ಯವೇ ಇರಬಹುದು, ಆದರೆ ಆಡಬೇಕೆ ಬೇಡವೆ ಎಂದು ಆ ಹನ್ನೊಂದು ಮಂದಿಯನ್ನು ಕೇಳಿದವರಾರು?

ಹೀಗೆ ಅಂಗಳವನ್ನು ತೊರೆದ ಮೊದಲ ತಂಡ ಅದೇನಲ್ಲ. ೨೦೧೨ರ ಡಿಸೆಂಬರ್ ೯ರಂದು ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲಿಗೆದುರಾಗಿ ಆಡುತ್ತಿದ್ದ ಮೋಹನ್ ಬಾಗನ್ ತಂಡವು ತನ್ನ ನಾಯಕನಿಗೆ ಕೆಂಪು ಚೀಟಿ ದೊರೆತು, ಮತ್ತೊಬ್ಬ ಆಟಗಾರನು ಪ್ರೇಕ್ಷಕರ ಕಲ್ಲೇಟಿಗೆ ಗುರಿಯಾದ ಮೇಲೆ, ದ್ವಿತೀಯಾರ್ಧಕ್ಕೆ ಇಳಿಯಲೇ ಇಲ್ಲ. ಆ ತಂಡವನ್ನು ಲೀಗಿನಿಂದ ಹೊರಗಿಡಲಾಗಿ, ಮುಂದೆ ಅದು ಎರಡು ಕೋಟಿ ರೂಪಾಯಿ ದಂಡಕ್ಕೆ ಇಳಿಯಿತು.

ಮೂರನೆಯದಾದ ಶೀಲದ ಪ್ರಶ್ನೆ ಸೂಕ್ಷ್ಮವಾದುದು. ಮೋಸ, ಚಾತುರ್ಯಗಳ ನಡುವೆ ಗೆರೆಯೊಂದಿದೆ. ೧೯೮೬ರಲ್ಲಿ ಇಂಗ್ಲೆಂಡಿನ ವಿರುದ್ಧ ಮಾರಡೋನ ಕೈಯಿಂದ ಚೆಂಡನ್ನು ಗೋಲಿಗೆ ತಳ್ಳಿದುದು ನಿಯಮಭಂಗ. ತೀರ್ಪುಗಾರನ ಕಣ್ಣು ತಪ್ಪಿದ್ದರಿಂದ ದಕ್ಕಿತು. ೨೦೧೦ರಲ್ಲಿ ಉರುಗ್ವೆಯ ಸುವಾರೆಜ್ ಘಾನಾದ ಗೋಲನ್ನು ಗೆರೆಯ ಮೇಲೆ ಕೈಯಿಂದ ತಡೆದುದೂ ನಿಯಮಭಂಗವೇ. ಆದರೆ ಅವನಿಗೆ ಕೆಂಪು ಚೀಟಿ ಬಂತು, ಘಾನಾಕ್ಕೆ ಪೆನಾಲ್ಟಿ ದೊರೆಯಿತು, ಅದನ್ನು ಅವರು ತಪ್ಪಿಸಿಕೊಂಡರು, ಕಡೆಗೆ ಉರುಗ್ವೆ ಗೆದ್ದಿತು. ಶಿಕ್ಷೆಯನ್ನು ಅನುಭವಿಸಿಯೂ ಅಪರಾಧವು ಲಾಭ ತಂದ ಈ ಪ್ರಸಂಗವನ್ನು ಕುರಿತು ತರಗತಿಯಲ್ಲಿ ಒಂದು ಗಂಟೆಯ ಚರ್ಚೆ ನಡೆಸಬಹುದು. ಛೆಟ್ರಿಯವರದು ಇವೆರಡರ ಸಾಲಿಗೂ ಸೇರದು. ನಿದ್ರಿಸುತ್ತಿದ್ದ ಕಾವಲುಗಾರನ ಮುಂದೆ ನಡೆದು ಹೋದವನು ಗೋಡೆಗೆ ಕನ್ನ ಕೊರೆದವನಲ್ಲ. ಇದರಿಂದ ಕೇರಳದವರ ನೋವು ಸುಳ್ಳೆಂದಾಗದು. ಗೆದ್ದವರ ಗೆಲವಿನಲ್ಲಿ ಸ್ವಲ್ಪ ರುಚಿ ಕಡಿಮೆಯಾಯಿತೆಂಬುದನ್ನು ಬೆಂಗಳೂರಿನ ಪಕ್ಷದವರೂ ಒಪ್ಪಬಹುದು.

ಹದಿನೈದು ದಿನ ಕಳೆಯುವಷ್ಟರಲ್ಲಿ ಪಾತ್ರಗಳು ಅದಲುಬದಲಾದುವು. ಮಾರ್ಚ್ ೧೮ರಂದು ಗೋವೆಯಲ್ಲಿ ನಡೆದ ಅಂತಿಮ ಪಂದ್ಯದ ಕೊನೆಯ ಘಟ್ಟದಲ್ಲಿ ಎ.ಟಿ.ಕೆ. ಮೋಹನ್ ಬಾಗನ್ನಿಗೆ ಪೆನಾಲ್ಟಿ ದೊರೆತು ಆಟ ೨-೨ರಲ್ಲಿ ಸಮವಾಗಿ, ಪೆನಾಲ್ಟಿ ಸರಣಿಯಲ್ಲಿ ಬೆಂಗಳೂರು ೪-೩ರಿಂದ ಸೋತಿತು. ತಪ್ಪು ನಡೆದದ್ದು ಗೆರೆಯ ಹೊರಗೆಂದು ಈಗ ಬೆಂಗಳೂರಿನ ಕಡೆಯಿಂದ ಕೂಗೆದ್ದಿತು. ೨೦೧೮ರ ವಿಶ್ವಕಪ್ಪಿನಿಂದ ಪ್ರಸಿದ್ಧವಾದ ವಿಡಿಯೊ ತೀರ್ಪಿನ ಏರ್ಪಾಟು ಇಲ್ಲಿಗೂ ಬೇಕೆಂದರು. ಬೇಡಿಕೆ ಸಾಧುವಾದುದೇ. ಆದರೆ 'ತೀರ್ಪುಗಾರನ ಮಾತೇ ಕೊನೆ' ಎಂದು ಮೂರನೆಯ ತಾರೀಖು ಸಾರಿದವರೇ ಹದಿನೆಂಟನೆಯ ತಾರೀಖು ಅವನನ್ನು ಶಪಿಸಿದರೆ ಅದಕ್ಕೆ ಶಾಸ್ತ್ರಕಾರರು ಇಟ್ಟ ಹೆಸರನ್ನು ಮೊದಲಲ್ಲೇ ಹೇಳಿದೆ. ಸ್ವಪಕ್ಷವೊಂದು ಸ್ಥಿರವಾಗಿರಬೇಕಾದರೆ ನಿಯಮವು ಇಬ್ಬರಿಗೂ ಒಂದೇ ಆಗಿರಬೇಕು.

ಇದೆಲ್ಲವೂ ಬರಿಯ ಬಾಯಿಮಾತಲ್ಲವೆ, ಇದಕ್ಕೆ ಇಷ್ಟು ವಿಚಾರವೇಕೆ ಎಂಬ ಶಂಕೆ ಬರಬಹುದು. ೧೯೮೦ರ ಆಗಸ್ಟ್ ೧೬ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಇಬ್ಬರು ಆಟಗಾರರ ಒರಟಾಟ, ಅವರನ್ನು ಹೊರಗಟ್ಟಿದ ತೀರ್ಪು ಇವುಗಳಿಂದ ಕೆರಳಿದ ಪ್ರೇಕ್ಷಕರ ಗಲಭೆಯಲ್ಲಿ, ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಮಡಿದರು. ಬೆಳಗ್ಗೆ ಆಟ ನೋಡಲೆಂದು ಮನೆಯಿಂದ ಹೊರಟವರು ಅವರು. ವಾದವು ವಿತಂಡವಾಗಿ, ವಿತಂಡವು ಕಲ್ಲಾಗುವುದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ. ಹಳ್ಳಿಯ ಕಬಡ್ಡಿಯಲ್ಲಿ ಗೆರೆ ಮುಟ್ಟಿದನೆ ಇಲ್ಲವೆ ಎಂಬ ಜಗಳ ಎರಡು ಕೇರಿಗಳ ಮನಸ್ತಾಪವಾಗಿ ವರ್ಷಗಟ್ಟಲೆ ಉಳಿಯುವುದನ್ನು ಕಂಡವರು ಈ ಸೀಮೆಯಲ್ಲಿ ಉಂಟು. ಶಾಲೆಯ ಮೈದಾನದಲ್ಲಿ ಸೀಟಿ ಹಿಡಿದು ನಿಂತ ವ್ಯಾಯಾಮ ಶಿಕ್ಷಕರು ಒಂದು ತೀರ್ಪಿನ ಕಾರಣವನ್ನು ಹುಡುಗರಿಗೆ ಆ ಸಂಜೆಯೇ ತಿಳಿಯಹೇಳಿದರೆ ಅದೂ ಒಂದು ಪಾಠವೇ.

ಕಂಠೀರವದ ಗೋಲಿನ ಮರುದಿನ, ೨೦೨೩ರ ಮಾರ್ಚ್ ೪ರಂದು, ಇನ್ನೊಂದು ಸಂಗತಿ ನಡೆಯಿತು. ದೂರದ ರಿಯಾದ್ ನಗರದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು ೩-೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ನಾಡು ಇನ್ನೂ ಮೈಸೂರೆಂಬ ಹೆಸರಿನಲ್ಲಿದ್ದ ೧೯೬೮-೬೯ರ ತರುವಾಯ, ಐವತ್ತನಾಲ್ಕು ವರ್ಷಗಳಿಗೆ, ದೊರೆತ ವಿಜಯವದು. ಆ ಐದು ಗೋಲುಗಳನ್ನು ಕುರಿತು ಮಾಲೂರಿನ ನಿಲ್ದಾಣದಲ್ಲಾಗಲಿ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಾಗಲಿ ಎಷ್ಟು ಮಂದಿ ಮಾತನಾಡಿದರೋ!