ಸಾಮಾನು ತಡವಾಯಿತೇ? ಮೊದಲ ತಾರೀಕು ಕೈಯಲ್ಲಿರಲಿ

ಹೊಲಕ್ಕೆ ಎಣ್ಣೆ ಹೊಡೆಯುವ ಬ್ಯಾಟರಿ ಪಂಪು, ಮದುವೆಗೆ ಬೀರು, ಮಗಳ ಓದಿಗೆ ಮೊಬೈಲು. ಸಂತೆಕಲ್ಲೂರು, ಮಸ್ಕಿ ಕಡೆಯವರೂ ಈಗ ದುಡ್ಡು ಮೊದಲೇ ಕಟ್ಟಿ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಹೇಳಿದ ದಿನ ಬರದಿದ್ದರೆ ಬೈಗುಳ ತಿನ್ನುವವನು ಡೆಲಿವರಿ ಹುಡುಗ. ಅವನನ್ನು ಬಿಟ್ಟುಬಿಡಿ. ಉತ್ತರ ಕೊಡಬೇಕಾದವರು ಮಾರಿದವರು.

ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಅದರಡಿ 2020ರ ಇ-ಕಾಮರ್ಸ್ ನಿಯಮಗಳು ನಮ್ಮ ಪರವಾಗಿವೆ. ತಿಳಿಸಿದ ದಿನ ಮೀರಿ ಬಂದ ಸಾಮಾನನ್ನು ವಾಪಸ್ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ನೆರೆ, ಬಂದ್‌ನಂಥ ಕೈಮೀರಿದ ಕಾರಣವಿದ್ದರೆ ಮಾತು ಬೇರೆ.

ಆದರೆ ‘ತಿಳಿಸಿದ ದಿನ’ ಯಾವುದು? ಹೆಚ್ಚಿನವರು ಸೋಲುವುದು ಇಲ್ಲೇ. ಆ್ಯಪ್‌ನಲ್ಲಿ 10ನೇ ತಾರೀಕು ಎಂದಿದ್ದದ್ದು 14 ಆಗುತ್ತದೆ, ಆಮೇಲೆ 19. ಹಳೆಯ ತಾರೀಕು ಪರದೆಯಿಂದ ಮಾಯ. ದೂರು ಕೊಡಲು ಕೂತಾಗ ನಿಮ್ಮ ಹತ್ತಿರ ಉಳಿಯುವುದು ಕಂಪನಿ ತೋರಿಸುವ ಕೊನೆಯ ತಾರೀಕು ಮಾತ್ರ. ಅದರ ಪ್ರಕಾರ ತಡವೇ ಆಗಿಲ್ಲ! ಆದ್ದರಿಂದ ದುಡ್ಡು ಕಟ್ಟಿದ ಕೂಡಲೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ತಾರೀಕು ಬದಲಾದಾಗಲೆಲ್ಲ ಇನ್ನೊಂದು. ‘ಗ್ರಾಹಕರ ಕೋರಿಕೆಯಂತೆ ದಿನ ಮುಂದೂಡಲಾಗಿದೆ’ ಎಂಬ ಮೆಸೇಜು ಬಂದರೆ ‘ನಾನು ಕೇಳಿಲ್ಲ’ ಎಂದು ಅಂದೇ ಬರೆದು ಕಳಿಸಿ. ಕಸ್ಟಮರ್ ಕೇರ್‌ನವರು ‘ನೀವೇ ಕ್ಯಾನ್ಸಲ್ ಮಾಡಿ’ ಎಂದರೆ ಅವಸರ ಬೇಡ. ಮಾಡಲೇಬೇಕೆಂದರೆ ಕಾರಣದ ಜಾಗದಲ್ಲಿ ‘ತಡವಾಗಿದೆ’ ಎಂಬುದನ್ನೇ ಒತ್ತಿ. ‘ನನಗೆ ಬೇಡ’ ಎಂದು ಒತ್ತಿದರೆ ತಪ್ಪು ನಿಮ್ಮದೇ ಎಂದಾಗುತ್ತದೆ. ಬಾಯಿಮಾತಿನ ಭರವಸೆ ಎಷ್ಟೇ ಸಿಹಿಯಾಗಿದ್ದರೂ ಗ್ರಾಹಕರ ಆಯೋಗದ ಮುಂದೆ ಹೆಚ್ಚು ತೂಗುವುದು ಬರಹ.

ಇಷ್ಟಾದ ಮೇಲೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಹೆಸರು, ವಿಳಾಸ ಆ್ಯಪ್‌ನಲ್ಲೇ ಇರಬೇಕು. ಆರ್ಡರ್ ನಂಬರು, ಕಟ್ಟಿದ ಹಣ, ಮೊದಲ ತಾರೀಕು, ನಿಮಗೇನು ಬೇಕು, ಇಷ್ಟು ಸಾಕು. 48 ಗಂಟೆಯಲ್ಲಿ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸುವುದು ಅವರ ಹೊಣೆ. ಕಂಪನಿಯ ಸಹಾಯವಾಣಿ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳರೂ ನಂಬರು ಹಾಕಿಕೊಂಡು ಕೂತಿದ್ದಾರೆ. ಮೋಸವಾಗಿ ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಕಂಪನಿ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ದೂರಿನ ನಂಬರು ಬರೆದಿಟ್ಟುಕೊಳ್ಳಿ.

ಕೊನೆಯದು ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗ. ‘ವ್ಯಾಜ್ಯ ಬೆಂಗಳೂರಿನಲ್ಲಿ ಮಾತ್ರ’ ಎಂದು ಬಿಲ್ಲಿನಲ್ಲಿ ಅಚ್ಚಾಗಿದ್ದರೆ ಹೆದರಬೇಡಿ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು, ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಬೇಕು. ಗಡುವು 2 ವರ್ಷ. ‘ರೈತ ಗ್ರಾಹಕನಲ್ಲ’ ಎಂದು ಯಾರಾದರೂ ವಾದಿಸಿದರೆ, ಬಿತ್ತನೆ ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ಸಿಂಧನೂರು, ಲಿಂಗಸುಗೂರಿನ ಅಂಗಡಿಯಲ್ಲಿ ಮುಂಗಡ ಕೊಟ್ಟವರಿಗೆ ಇ-ಕಾಮರ್ಸ್ ನಿಯಮ ಅನ್ವಯಿಸದು, ಆದರೆ ಆಯೋಗದ ಬಾಗಿಲು ತೆರೆದೇ ಇದೆ. ಕಚ್ಚಾ ಚೀಟಿ ಬೇಡ. ಸಾಮಾನು ಕೊಡುವ ದಿನ ಬರೆದ ರಸೀದಿ ಕೇಳಿ.